ಅಳಿಸಿಹೋದ ಅಂಕಿ

ಪ್ರಯೋಗಶಾಲೆಯ ಹೊಸ್ತಿಲು ದಾಟಿದ ಎಲ್ಲ ವಿದ್ಯಾರ್ಥಿಗಳಿಗೂ ಸರಳ ಲೋಲಕದ ಪರಿಚಯವಿರುತ್ತದೆ. ಒಂದು ದಾರ, ಅದರ ತುದಿಗೆ ಒಂದು ಲೋಹದ ಗುಂಡು, ಕೈಯಲ್ಲೊಂದು ಸ್ಟಾಪ್‌ವಾಚು. ಇಷ್ಟು ಬಡ ಸಲಕರಣೆಯಿಂದ ಇಡೀ ಭೂಮಿಯ ಸೆಳೆತವನ್ನು ಅಳೆಯಬಹುದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಆದರೆ ಆ ಬೆರಗು ನಮ್ಮ ವಿದ್ಯಾರ್ಥಿಗಳ ಮುಖದ ಮೇಲೆ ಸುಳಿಯುವುದನ್ನು ನಾನು ಕಂಡದ್ದು ಅಪರೂಪ. ಉತ್ತರ ಅವರಿಗೆ ಮೊದಲೇ ಗೊತ್ತು. ಪ್ರಯೋಗವೆಂಬುದು ಆ ಉತ್ತರಕ್ಕೆ ತಕ್ಕಂತೆ ಕೋಷ್ಟಕ ತುಂಬುವ ಶಿಷ್ಟಾಚಾರ ಮಾತ್ರ.

ಒಮ್ಮೆ ನಾನು ಪರೀಕ್ಷಕನಾಗಿ ಕುಳಿತಿದ್ದಾಗ ಹುಡುಗನೊಬ್ಬ ತನ್ನ ಹಾಳೆಯಲ್ಲಿ 957 ಎಂದು ಬರೆದು, ಅದನ್ನು ರಬ್ಬರಿನಿಂದ ಅಳಿಸಿ, 979 ಎಂದು ತಿದ್ದಿದ.

"ಯಾಕಪ್ಪಾ ಅಳಿಸಿದೆ?" ಎಂದೆ.

"ತಪ್ಪು ಬಂದಿತ್ತು ಸಾರ್."

"ತಪ್ಪೆಂದು ಹೇಗೆ ತಿಳಿಯಿತು?"

"ಪುಸ್ತಕದಲ್ಲಿ 980 ಅಂತ ಇದೆಯಲ್ಲ ಸಾರ್!"

ಹುಡುಗನನ್ನು ದೂರುವಂತಿಲ್ಲ. ಅಂಕ ಸಿಗುವುದು 979ಕ್ಕೆ, 957ಕ್ಕಲ್ಲ. ಆದರೆ ಅವನು ಅಳಿಸಿದ ಅಂಕಿಯನ್ನು ಸ್ವಲ್ಪ ಗೌರವದಿಂದ ನೋಡೋಣ. ನೂರು ಸೆಂಟಿಮೀಟರ್ ಉದ್ದದ ಲೋಲಕವು ಇಪ್ಪತ್ತು ಬಾರಿ ಹೋಗಿಬರಲು ನಲವತ್ತು ಸೆಕೆಂಡುಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಗಡಿಯಾರವನ್ನು ಅರ್ಧ ಸೆಕೆಂಡು ತಡವಾಗಿ ನಿಲ್ಲಿಸಿದರೆ ಸಾಕು, 978 ಬರಬೇಕಾದಲ್ಲಿ 954 ಬರುತ್ತದೆ. ಅರ್ಧ ಸೆಕೆಂಡು ಮೊದಲೇ ನಿಲ್ಲಿಸಿದರೆ 1003. ಹೀಗಿರುವಾಗ 957 ಎಂಬುದು ಮನುಷ್ಯನ ಬೆರಳಿಗೆ ತಕ್ಕ, ಸಭ್ಯವಾದ ಅಂಕಿ. ಇನ್ನೊಂದು ವಿನೋದವಿದೆ. ಪುಸ್ತಕದ 980.665 ಎಂಬ ಪ್ರಮಾಣಬೆಲೆ ಸುಮಾರು 45 ಡಿಗ್ರಿ ಅಕ್ಷಾಂಶದ ಸಮುದ್ರಮಟ್ಟಕ್ಕೆ ಹೊಂದುವಂಥದು. ಹದಿಮೂರು ಡಿಗ್ರಿಯ ಆಸುಪಾಸಿನಲ್ಲಿ, ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೆಂಗಳೂರಿನಲ್ಲಿ ಅದು ಸುಮಾರು 978 ಮಾತ್ರ. ಅಂದರೆ ನಮ್ಮ ಮಕ್ಕಳು ತಮ್ಮ ಕಾಲಡಿಯ ನೆಲವನ್ನೇ ಪರದೇಶದ ಅಂಕಿಗೆ ತಕ್ಕಂತೆ ತಿದ್ದುತ್ತಿದ್ದಾರೆ!

ಈ ವ್ಯತ್ಯಾಸ ಲೋಕಕ್ಕೆ ತಿಳಿದ ಬಗೆಯನ್ನು ತರಗತಿಯಲ್ಲಿ ಹೇಳುವವರು ಕಡಮೆ. 1672ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಜಾನ್ ರಿಷೆ ಎಂಬ ಖಗೋಳಜ್ಞನನ್ನು ದಕ್ಷಿಣ ಅಮೆರಿಕದ ಕೇಯೆನ್ನಿಗೆ ಕಳುಹಿಸಿತು. ಅದು ಭೂಮಧ್ಯರೇಖೆಗೆ ಸಮೀಪದ ಊರು. ಮಂಗಳ ಗ್ರಹವನ್ನು ವೀಕ್ಷಿಸುವುದು ಅವನ ಮುಖ್ಯ ಕೆಲಸಗಳಲ್ಲೊಂದು. ಆದರೆ ಪ್ಯಾರಿಸ್ಸಿನ ಕಾಲಕ್ಕೆ ಹೊಂದಿಸಿದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಮೂರು ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕಾಯಿತು. ರಿಷೆ ನಮ್ಮ ವಿದ್ಯಾರ್ಥಿಯಾಗಿದ್ದರೆ ರಬ್ಬರು ಹುಡುಕುತ್ತಿದ್ದ. ಅವನು ಹಾಗೆ ಮಾಡಲಿಲ್ಲ. ಹತ್ತು ತಿಂಗಳ ಕಾಲ, ಒಂದು ವಾರವನ್ನೂ ತಪ್ಪಿಸದೆ, ಅದೇ ಅಳತೆಯನ್ನು ಮತ್ತೆ ಮತ್ತೆ ಮಾಡಿ ಬರೆದಿಟ್ಟ. ಉಷ್ಣದೇಶದ ಸೆಕೆಗೆ ಲೋಲಕದ ಕಂಬಿ ಹಿಗ್ಗಿರಬಾರದೇಕೆ ಎಂಬ ಸಂಶಯ ಸಹಜವೇ. ನ್ಯೂಟನ್ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅಷ್ಟು ಹಿಗ್ಗು ಸಾಲದೆಂದು ಕಂಡು, 1687ರ ತನ್ನ ಮಹಾಗ್ರಂಥದಲ್ಲಿ ಈ ಅಳತೆಯನ್ನು ಭೂಮಿಯು ನಡುವಿನಲ್ಲಿ ಉಬ್ಬಿದೆ ಎಂಬ ವಾದಕ್ಕೆ ಆಧಾರವಾಗಿ ಬಳಸಿದ. ಭೂಮಿಯ ಆಕಾರದ ಸುಳಿವು ಅಡಗಿದ್ದುದು 'ತಪ್ಪಾಗಿ' ನಡೆದ ಒಂದು ಗಡಿಯಾರದಲ್ಲಿ.

1976ರ ಸಂವಿಧಾನ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಆ ಕರ್ತವ್ಯಕ್ಕೆ ನಾವು ಮಕ್ಕಳನ್ನು ಅಣಿಗೊಳಿಸುತ್ತಿರುವುದು ರಬ್ಬರಿನಿಂದ.

ಬೇರೆ ದಾರಿಗೆ ಹೆಚ್ಚಿನ ಹಣವೇನೂ ಬೇಡ. ಲೋಲಕದ ಕಾಲವನ್ನು ನಿರ್ಧರಿಸುವುದು ಯಾವುದು ಎಂದಷ್ಟೇ ಕೇಳಿ, ಸುಮ್ಮನಿರಬೇಕು. ಗುಂಡಿನ ಭಾರವೇ, ದಾರದ ಉದ್ದವೇ, ತೂಗಿನ ಅಗಲವೇ? ಒಂದನ್ನು ಬದಲಾಯಿಸುವಾಗ ಉಳಿದೆರಡನ್ನು ಮುಟ್ಟಬಾರದೆಂಬ ವಿವೇಕ ಎರಡು ಬಾರಿ ಗೊಂದಲವಾದ ಮೇಲೆ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಭಾರ ಬದಲಾದರೂ ಕಾಲ ಬದಲಾಗದು. ದಾರ ನಾಲ್ಕರಷ್ಟಾದರೆ ಕಾಲ ಇಮ್ಮಡಿ. ತೂಗಿನ ಅಗಲ ಲೆಕ್ಕಕ್ಕಿಲ್ಲವೆಂದು ಗೆಲಿಲಿಯೊನಂಥವನೇ ನಂಬಿದ್ದ. ಒಂದೇ ಉದ್ದದ ಎರಡು ಲೋಲಕಗಳನ್ನು ಅಕ್ಕಪಕ್ಕ ತೂಗುಹಾಕಿ, ಒಂದನ್ನು ಸ್ವಲ್ಪವೇ ಎಳೆದು, ಇನ್ನೊಂದನ್ನು ಅರವತ್ತು ಡಿಗ್ರಿಯಷ್ಟು ಎಳೆದು, ಒಟ್ಟಿಗೆ ಬಿಡಿ. ಹೆಚ್ಚು ಎಳೆದದ್ದು ಒಂದೊಂದು ತೂಗಿಗೆ ಶೇಕಡ ಏಳರಷ್ಟು ಹೆಚ್ಚು ಕಾಲ ಹಿಡಿಯುತ್ತದೆ. ಹತ್ತು ತೂಗುಗಳೊಳಗೆ ಎರಡರ ತಾಳ ತಪ್ಪಿರುತ್ತದೆ. ನೋಡಲು ಗಡಿಯಾರವೂ ಬೇಡ. ಪುಸ್ತಕದಲ್ಲಿ 'ಚಿಕ್ಕ ಕೋನ' ಎಂಬ ಎರಡು ಮಾತು ಏಕಿದೆಯೆಂದು ಮಕ್ಕಳು ಅಂದು ತಿಳಿಯುತ್ತಾರೆ.

ಅಂಕಿಗಳ ವಿಷಯಕ್ಕೆ ಬಂದರೆ, ಹತ್ತು ಗುಂಪುಗಳ ಹತ್ತು ಅಂಕಿಗಳನ್ನೂ ಇದ್ದಂತೆಯೇ ಕಪ್ಪುಹಲಗೆಯ ಮೇಲೆ ಬರೆಯಿಸಬೇಕೆಂಬುದು ನನ್ನ ಮತ. ಸರಿ ಯಾವುದು, ತಪ್ಪು ಯಾವುದು ಎಂದು ಮೇಷ್ಟರು ಬಾಯಿಬಿಡಬಾರದು. ಮಕ್ಕಳೇ ವಾದಕ್ಕೆ ನಿಲ್ಲುತ್ತಾರೆ. ದಾರವನ್ನು ಗುಂಡಿನ ನೆತ್ತಿಯವರೆಗೆ ಅಳೆದಿರೋ, ನಡುವಿನವರೆಗೋ? ಗಡಿಯಾರ ಒತ್ತಿದ್ದು ಯಾರು? ಒಂದು ಗುಂಪಿಗೆ 1084 ಬಂದಿದ್ದರೆ ಇಡೀ ತರಗತಿ ನಗುತ್ತದೆ. ನಗಲಿ. ಗಡಿಯಾರ ಒತ್ತಿದ ಕ್ಷಣದಲ್ಲಿ 'ಸೊನ್ನೆ' ಎನ್ನುವ ಬದಲು ಅವರು 'ಒಂದು' ಎಂದಿರಬೇಕು. ಇಪ್ಪತ್ತೆಂದು ಎಣಿಸಿದ್ದು ವಾಸ್ತವದಲ್ಲಿ ಹತ್ತೊಂಬತ್ತು. ಇದನ್ನು ಅವರೇ ಕಂಡುಕೊಳ್ಳಲು ಒಂದು ವಾರ ಹಿಡಿದರೆ, ಆ ವಾರವೆಲ್ಲ 1084 ಹಲಗೆಯ ಮೇಲೆಯೇ ಇರಲಿ.