ಆ ನಾಲ್ಕು ಪ್ಯಾಕೇಜು ಏಕೆ ಬರಲಿಲ್ಲ?

ಉಬುಂಟು ಬಳಸುವವರಿಗೆ ಇದು ಹೊಸದಲ್ಲ. ಟರ್ಮಿನಲ್ ತೆರೆದು 'ಆಪ್ಟ್ ಅಪ್‌ಗ್ರೇಡ್' ಎಂದು ಆಜ್ಞೆ ಕೊಟ್ಟರೆ ನಲವತ್ತು ಪ್ಯಾಕೇಜು ಸರಸರನೆ ಬಂದು ಕೂರುತ್ತವೆ. ಇನ್ನು ನಾಲ್ಕರ ಹೆಸರು ಹೇಳಿ, 'ಇವನ್ನು ತಡೆಹಿಡಿಯಲಾಗಿದೆ' ಎಂದು ಪರದೆ ಸುಮ್ಮನಾಗುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗುವವರುಂಟು. ಕೆಟ್ಟಿರುವುದು ಅಪರೂಪ.

ಲಿನಕ್ಸ್‌ನಲ್ಲಿ ಯಾವ ತಂತ್ರಾಂಶವೂ ಒಂಟಿಯಲ್ಲ. ಪ್ರತಿ ಪ್ಯಾಕೇಜೂ ತನಗೆ ಯಾರು ಬೇಕು, ಯಾರ ಜೊತೆ ಆಗಿಬರುವುದಿಲ್ಲ ಎಂಬ ಪಟ್ಟಿ ಹೊತ್ತೇ ಬರುತ್ತದೆ. ಹೊಸ ಆವೃತ್ತಿ ಬರಬೇಕಾದರೆ ಹಳೆಯದೊಂದು ಲೈಬ್ರರಿ ಹೋಗಲೇಬೇಕು ಎನ್ನೋಣ. ಇದ್ದದ್ದನ್ನು ತೆಗೆಯುವ ಅಧಿಕಾರ 'ಆಪ್ಟ್ ಅಪ್‌ಗ್ರೇಡ್'ಗೆ ಇಲ್ಲ. ಆದ್ದರಿಂದ ಆ ಆವೃತ್ತಿ ಹೊರಗೇ ಉಳಿಯುತ್ತದೆ. ಹಳೆಯ 'ಆಪ್ಟ್-ಗೆಟ್ ಅಪ್‌ಗ್ರೇಡ್' ಇನ್ನೂ ಕಟ್ಟುನಿಟ್ಟು: ಹೊಸ ಪ್ಯಾಕೇಜನ್ನು ಸೇರಿಸುವುದೂ ಇಲ್ಲ. ಪ್ರತಿ ಹೊಸ ಕರ್ನಲ್ ಬೇರೆಯದೇ ಹೆಸರಿನ ಪ್ಯಾಕೇಜಾಗಿ ಬರುವುದರಿಂದ ಅದೂ ಬಾಗಿಲಲ್ಲೇ ನಿಲ್ಲುತ್ತದೆ.

ಇಷ್ಟು ಬಿಗಿ ಏಕೆ? 2021ರಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಉಬುಂಟು ಆಧಾರಿತ ಪಾಪ್ ಓಎಸ್‌ನಲ್ಲಿ ಆಟದ ತಂತ್ರಾಂಶ ಸ್ಟೀಮ್ ಹಾಕಿಕೊಳ್ಳಲು ಹೊರಟರು. ಆ ಹೊತ್ತಿಗೆ ಪ್ಯಾಕೇಜುಗಳ ಹೊಂದಾಣಿಕೆ ತಪ್ಪಿತ್ತು. ಅತ್ಯಗತ್ಯ ಪ್ಯಾಕೇಜುಗಳು ಅಳಿಸಿಹೋಗುತ್ತವೆ ಎಂದು ಆಪ್ಟ್ ಎಚ್ಚರಿಸಿ, 'ಹೌದು, ನಾನು ಹೇಳಿದಂತೆ ಮಾಡು' ಎಂಬ ಪೂರ್ತಿ ವಾಕ್ಯವನ್ನೇ ಟೈಪ್ ಮಾಡಿಸಿಕೊಂಡಿತು. ಅವರು ಮಾಡಿದರು. ಡೆಸ್ಕ್‌ಟಾಪೇ ಮಾಯ! ತೆಗೆಯುವ ಕೆಲಸಕ್ಕೆ ಕೈಹಾಕದ 'ಅಪ್‌ಗ್ರೇಡ್' ಆಜ್ಞೆಯ ಜಿಪುಣತನ ಇಲ್ಲಿ ಸದ್ಗುಣವಾಗಿ ಕಾಣುತ್ತದೆ.

ಎರಡನೆಯ ಕಾರಣ ಹೆಚ್ಚು ಸ್ವಾರಸ್ಯದ್ದು. ಉಬುಂಟು ತನ್ನ ಸಾಮಾನ್ಯ ಅಪ್‌ಡೇಟುಗಳನ್ನು ಎಲ್ಲರಿಗೂ ಒಮ್ಮೆಲೇ ಬಡಿಸುವುದಿಲ್ಲ. ಮೊದಲು ಶೇ. 10 ಯಂತ್ರಗಳಿಗೆ, ಆಮೇಲೆ ಆರು ಗಂಟೆಗೊಮ್ಮೆ ಇನ್ನೂ ಶೇ. 10. ಈ ನಡುವೆ ಬಳಕೆದಾರರ ಯಂತ್ರಗಳಿಂದ ಬರುವ ದೋಷವರದಿಗಳ ಮೇಲೆ ಕಣ್ಣಿರುತ್ತದೆ. ಹೊಸ ತೊಂದರೆ ಕಂಡರೆ ಹಂಚಿಕೆ ನಿಲ್ಲುತ್ತದೆ. ಟರ್ಮಿನಲ್‌ನ ಆಪ್ಟ್ ಈ ಸರದಿಯನ್ನು ಪಾಲಿಸತೊಡಗಿದ್ದು 21.04ನೇ ಆವೃತ್ತಿಯಿಂದ. ಯಾರ ಸರದಿ ಯಾವಾಗ ಎಂಬುದು ಯಂತ್ರದ ಗುರುತುಸಂಖ್ಯೆ, ಪ್ಯಾಕೇಜಿನ ಹೆಸರು, ಆವೃತ್ತಿ ಇವುಗಳ ಲೆಕ್ಕಾಚಾರದಿಂದ ತೀರ್ಮಾನವಾಗುತ್ತದೆ. ಹಾಗಾಗಿಯೇ ಒಂದೇ ಮೇಜಿನ ಮೇಲಿನ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೆ ಇವತ್ತು ಸಿಕ್ಕಿದ್ದು ಇನ್ನೊಂದಕ್ಕೆ ನಾಳೆ. ಭದ್ರತೆಯ ಅಪ್‌ಡೇಟುಗಳಿಗೆ ಈ ಸರದಿ ಇಲ್ಲ.

ಬಳಕೆದಾರರೇ ಎಂದೋ 'ಹೋಲ್ಡ್' ಹಾಕಿ ಮರೆತಿರುವುದೂ ಉಂಟು; 'ಆಪ್ಟ್-ಮಾರ್ಕ್ ಶೋಹೋಲ್ಡ್' ಅದನ್ನು ತೋರಿಸಿಕೊಡುತ್ತದೆ.

ಸರದಿಯಲ್ಲಿರುವ ಪ್ಯಾಕೇಜಿಗೆ ಏನೂ ಮಾಡಬೇಕಿಲ್ಲ. ಅಡ್ಡಿ ಬಾರದಿದ್ದರೆ 54 ಗಂಟೆಯೊಳಗೆ ಎಲ್ಲರಿಗೂ ತಲುಪುತ್ತದೆ. ಹೊಂದಾಣಿಕೆಯ ತೊಡಕಾದರೆ 'ಆಪ್ಟ್ ಫುಲ್-ಅಪ್‌ಗ್ರೇಡ್' ಇದೆ. ಆದರೆ ಒಪ್ಪಿಗೆ ಕೊಡುವ ಮುನ್ನ ಅದು ತೆಗೆಯಲು ಹೊರಟಿರುವ ಪ್ಯಾಕೇಜುಗಳ ಪಟ್ಟಿಯನ್ನು ಓದಿ. ಅಲ್ಲಿ ಡೆಸ್ಕ್‌ಟಾಪಿನ ಹೆಸರು ಕಂಡರೆ 'ಎನ್' ಒತ್ತಿ, ಎರಡು ದಿನ ಬಿಟ್ಟು ನೋಡಿ.