ಕೋಣಗಳನ್ನು ಬಿಟ್ಟು ಓಡಿದ ಸುದ್ದಿ

(ಕಲ್ಯಾಣಪುರದಲ್ಲಿ ಈಚೆಗೆ ಮಾಡಿದ ಭಾಷಣದ ಬರಹ ರೂಪ)



ನಾವು ಕುಳಿತಿರುವ ಈ ಊರಿನ ಪಕ್ಕದಲ್ಲೇ ಸಂತೆಕಟ್ಟೆ ಇದೆ. ಹಿಂದೆ ಸಂತೆಗೆ ಹೋದವರು ಒಣಮೀನು, ಬೆಲ್ಲಗಳ ಜೊತೆಗೆ ಸುದ್ದಿಯನ್ನೂ ಮನೆಗೆ ತರುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಎಲ್ಲಿ ಯಕ್ಷಗಾನ, ಯಾವ ಕಂಬಳದಲ್ಲಿ ಯಾರ ಕೋಣ ಗೆದ್ದಿತು ಎಂಬುದೆಲ್ಲ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಆದರೆ ಆ ಸುದ್ದಿಗೆ ಒಂದು ಅಂಕೆ ಇತ್ತು. ಹೇಳಿದವರು ಯಾರೆಂದು ಕೇಳಿದವರಿಗೆ ಗೊತ್ತಿರುತ್ತಿತ್ತು. ಸುಳ್ಳಾದರೆ ಮುಂದಿನ ಸಂತೆಯಲ್ಲಿ ಹಿಡಿದು ಕೇಳಬಹುದಿತ್ತು.

ಹಾಗೆಂದು ಹಿಂದಿನವರೆಲ್ಲ ಪರೀಕ್ಷಿಸಿಯೇ ನಂಬುತ್ತಿದ್ದರು ಎಂದು ಹೇಳಲಾರೆ. 1995ರ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವಿಡೀ ಹಬ್ಬಿತು. ಆಗ ಫೇಸ್‌ಬುಕ್ ಇರಲಿಲ್ಲ, ವಾಟ್ಸಾಪ್ ಇರಲಿಲ್ಲ. ಮನೆಯ ಫೋನು ಮತ್ತು ನೆರೆಮನೆಯವರ ಬಾಯಿ ಸಾಕಾಯಿತು. ಸುದ್ದಿಯನ್ನು ದಾಟಿಸುವ ಆಸೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಈಗ ಬಂದಿರುವುದು ಆ ಆಸೆಯನ್ನು ಎಣಿಸಿ ಅಳೆಯುವ ಯಂತ್ರ.

ಈ ಯಂತ್ರದಲ್ಲಿ ಒಂದು ಬರಹ ಹತ್ತು ಜನರ ನಡುವೆಯೇ ಸಾಯುತ್ತದೆ, ಇನ್ನೊಂದು ಹತ್ತು ಲಕ್ಷ ಜನರನ್ನು ಮುಟ್ಟುತ್ತದೆ. ಏಕೆ ಹೀಗೆ? ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಕಂಬಳದ ಕರೆಯಲ್ಲೇ ಅದಕ್ಕೆ ಉದಾಹರಣೆ ಇದೆ.

2020ರ ಫೆಬ್ರವರಿಯ ಆರಂಭದಲ್ಲಿ ಐಕಳದ ಕಂಬಳ ನಡೆಯಿತು. ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ ಅವರು 142.50 ಮೀಟರ್ ಕರೆಯನ್ನು ಕೋಣಗಳೊಂದಿಗೆ 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಕಂಬಳ ಬಲ್ಲವರಿಗೆ ಅಷ್ಟೇ ದೊಡ್ಡ ಸುದ್ದಿ. ಆದರೆ ಯಾರೋ ಇದಕ್ಕೊಂದು ಲೆಕ್ಕ ಹಾಕಿದರು: 100 ಮೀಟರಿಗೆ 9.55 ಸೆಕೆಂಡು! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಗಮನಿಸಿ, ಆ 9.55 ಎಂಬುದನ್ನು ಗಡಿಯಾರ ಹಿಡಿದು ಯಾರೂ ಅಳೆದದ್ದಲ್ಲ. ಅದು ಭಾಗಾಕಾರದಿಂದ ಹುಟ್ಟಿದ ಅಂಕಿ. ದೇಶ ಸುತ್ತಿದ್ದು ಆ ಅಂಕಿಯೇ.

ಏಕೆಂದರೆ ಅದನ್ನು ಅರ್ಥ ಮಾಡಿಕೊಳ್ಳಲು ಕಂಬಳ ಗೊತ್ತಿರಬೇಕಾಗಿರಲಿಲ್ಲ. ಕರೆ ಎಂದರೇನು, ಹಗ್ಗವೇನು, ಹಲಗೆಯೇನು ಎಂದು ದೆಹಲಿಯವರಿಗೆ ವಿವರಿಸಬೇಕು. ಬೋಲ್ಟ್ ಎಂದರೆ ಸಾಕು, ವಿವರಣೆ ಬೇಡ. ಸುದ್ದಿ ದೂರ ಹೋಗಲು ಮೊದಲ ಗುಣ ಇದು: ಹೊರೆ ಹಗುರವಾಗಿರಬೇಕು.

ಎರಡನೆಯದು, ದೊಡ್ಡ ಗಂಟಲು. ಸುದ್ದಿ ಒಬ್ಬರಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ಎಂದು ಸಮನಾಗಿ ಹರಡುತ್ತದೆಂದು ನಾವು ತಿಳಿಯುತ್ತೇವೆ. ಅನೇಕ ಸಲ ಹಾಗಾಗುವುದಿಲ್ಲ. ಲಕ್ಷಾಂತರ ಹಿಂಬಾಲಕರಿರುವ ಒಬ್ಬರು ಕೈಗೆತ್ತಿಕೊಂಡಾಗ ಅದು ಒಮ್ಮೆಲೇ ಜಿಗಿಯುತ್ತದೆ. ಉದ್ಯಮಿ ಆನಂದ್ ಮಹೀಂದ್ರಾ, ಸಂಸದ ಶಶಿ ತರೂರ್ ಟ್ವಿಟರಿನಲ್ಲಿ ಗೌಡರ ಬಗ್ಗೆ ಬರೆದರು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಓಟದ ಪರೀಕ್ಷೆಗೆ ಕರೆಸುವುದಾಗಿ ಹೇಳಿದರು.

ಮೂರನೆಯದು ಯಂತ್ರದ ಲೆಕ್ಕ. ಜಾಲತಾಣವು ಒಂದು ಬರಹವನ್ನು ಮೊದಲು ಕೆಲವರ ಮುಂದೆ ಇಡುತ್ತದೆ. ಅವರು ನಿಂತು ನೋಡಿದರೇ, ಉತ್ತರ ಬರೆದರೇ, ಇನ್ನೊಬ್ಬರಿಗೆ ದಾಟಿಸಿದರೇ ಎಂದು ಎಣಿಸುತ್ತದೆ. ಎಣಿಕೆ ಏರಿದರೆ ಇನ್ನಷ್ಟು ಜನರ ಮುಂದೆ ಇಡುತ್ತದೆ. ಅದು ನಿಜವೇ ಎಂದು ಈ ಲೆಕ್ಕ ಕೇಳುವುದಿಲ್ಲ. 2017ರಿಂದ ಫೇಸ್‌ಬುಕ್ಕಿನಲ್ಲಿ ನಗು, ಅಚ್ಚರಿ, ಸಿಟ್ಟುಗಳ ಗುರುತಿಗೆ ಸಾಮಾನ್ಯ ಮೆಚ್ಚುಗೆಯ ಐದು ಪಟ್ಟು ತೂಕ ಕೊಡಲಾಗಿತ್ತೆಂದು 2021ರಲ್ಲಿ ಹೊರಬಂದ ಅದರ ಒಳಗಿನ ಕಾಗದಪತ್ರಗಳು ತಿಳಿಸಿದವು. ಸಿಟ್ಟಿನ ತೂಕವನ್ನು 2020ರಲ್ಲಿ ತೆಗೆದುಹಾಕಿದರು. ಅಷ್ಟು ಕಾಲ, ಜನರನ್ನು ಕೆರಳಿಸಿದವನಿಗೆ ಯಂತ್ರವೇ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಂತಾಗಿತ್ತು.

ಈಗ ಮತ್ತೆ ಕರೆಗೆ ಬರೋಣ. ಇಷ್ಟೆಲ್ಲ ಸದ್ದಿನ ನಡುವೆ ಗೌಡರು ಏನೆಂದರು? ಕಂಬಳದ ಓಟವೇ ಬೇರೆ, ಇಲ್ಲಿ ಹಿಮ್ಮಡಿಯ ಬಲ ಮುಖ್ಯ, ಅಲ್ಲಿ ಮುಂಗಾಲಿನದು. ಈ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂದರು. ಪರೀಕ್ಷೆಗೆ ಹೋಗಲು ಒಪ್ಪಲಿಲ್ಲ. ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದ ಆ ಯುವಕನಿಗೆ ಇದ್ದ ವಿವೇಕ ನಮ್ಮ ಅನೇಕ ವಿದ್ಯಾವಂತರಿಗೆ ಇರಲಿಲ್ಲ. ಸುದ್ದಿ ಹಗುರವಾಗಿ ಓಡುವಾಗ ಅದರಿಂದ ಬಿದ್ದುಹೋದದ್ದು ಕೋಣಗಳೇ!

ಕೆಲವೇ ದಿನಗಳಲ್ಲಿ ವೇಣೂರಿನ ಕಂಬಳದಲ್ಲಿ ಕಾರ್ಕಳ ತಾಲೂಕಿನ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದೇ ಭಾಗಾಕಾರ ಹಾಕಿದರೆ 9.51, ಇನ್ನೂ ಹೆಚ್ಚಿನ ವೇಗ. ಆದರೂ ಹೊರಗಿನವರಲ್ಲಿ ಬಹುಮಂದಿಗೆ ನೆನಪಿರುವುದು ಮೊದಲಿನ ಹೆಸರೇ. ಯೋಗ್ಯತೆಗಿಂತ ಹೊಸತನಕ್ಕೆ ಓಟ ಹೆಚ್ಚು. ಟ್ವಿಟರಿನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರೀಕ್ಷಿಸಿದ ಅಮೆರಿಕದ ಎಂಐಟಿ ಸಂಶೋಧಕರು 2018ರಲ್ಲಿ ಇಂಥದ್ದನ್ನೇ ಕಂಡರು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜಕ್ಕಿಂತ ಶೇಕಡಾ 70ರಷ್ಟು ಹೆಚ್ಚು. ಸುಳ್ಳಿಗೆ ಹೊಸತಾಗಿ ಕಾಣುವ ಗುಣ ಇರುತ್ತದೆ ಎಂದು ಅವರು ಗುರುತಿಸಿದರು. ಹರಡಿದವರು ಮುಖ್ಯವಾಗಿ ಮನುಷ್ಯರೇ.

ಕಂಬಳದ ಕಥೆಯಲ್ಲಿ ಯಾರಿಗೂ ಕೆಡುಕಾಗಲಿಲ್ಲ. ಆದರೆ ಎಲ್ಲ ಸಲವೂ ಹಾಗಾಗುವುದಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸಂದೇಶ ವಾಟ್ಸಾಪಿನಲ್ಲಿ ಕಾರಿಗಿಂತ ಮೊದಲೇ ಮುಂದಿನ ಊರು ಸೇರಿತು. ಮುರ್ಕಿಯಲ್ಲಿ ಜನ ಸೇರಿ ಹೊಡೆದರು. ಒಬ್ಬ ಯುವಕ ಸತ್ತ. ವಾಟ್ಸಾಪಿನಲ್ಲಿ ಮೇಲೇರಿಸುವ ಯಂತ್ರದ ಲೆಕ್ಕವಿಲ್ಲ. ದಾಟಿಸಿದ್ದು ಮನುಷ್ಯರ ಬೆರಳುಗಳು. ಮಕ್ಕಳ ಮೇಲಿನ ಪ್ರೀತಿಯಿಂದಲೇ ದಾಟಿಸಿದವರೂ ಅವರಲ್ಲಿ ಇದ್ದಿರಬೇಕು. ಆ ತಿಂಗಳಲ್ಲೇ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿ ಪ್ರಕಟಿಸಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಕೈ ತಡೆದಷ್ಟೂ ಓಟ ನಿಧಾನವಾಗುತ್ತದೆಂದು ಯಂತ್ರ ಕಟ್ಟಿದವರೇ ಒಪ್ಪಿಕೊಂಡಂತಾಯಿತು.

ಬೀದರಿನ ಆ ಸಂದೇಶದಿಂದಲೂ ಏನೋ ಬಿದ್ದುಹೋಗಿತ್ತು. ಬಂದವರು ಯಾರು, ಎಲ್ಲಿಂದ ಬಂದರು, ಯಾರನ್ನು ಕಾಣಲು ಬಂದರು ಎಂಬ ಮೂರು ಮಾತು. ಅವುಗಳನ್ನು ಕೇಳುವಷ್ಟು ತಾಳ್ಮೆ ಇದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಆದ್ದರಿಂದ ನಿಮ್ಮಲ್ಲಿ ನನ್ನದು ಒಂದೇ ವಿನಂತಿ. ಇವತ್ತು ಮನೆಗೆ ಹೋಗಿ ಫೋನು ತೆರೆದಾಗ, ಮೈ ಜುಮ್ಮೆನಿಸುವ ಯಾವುದಾದರೂ ಸುದ್ದಿ ಬಂದಿರಬಹುದು. ದಾಟಿಸುವ ಮೊದಲು ಒಂದು ಕ್ಷಣ ಬೆರಳನ್ನು ತಡೆದು ಕೇಳಿಕೊಳ್ಳಿ: ಓಡಿ ಬಂದ ಈ ಸುದ್ದಿಯ ಕೋಣಗಳೆಲ್ಲಿ?