ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ನಮ್ಮ ಆಹಾರ



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಹಿರಿಯರ ವಿಶ್ವಾಸವನ್ನು ಕೊಂಡಾಡಿದ ನಾವು, ಅವರ ದೇಹಾರೋಗ್ಯದ ಕುರಿತೂ ಎರಡು ಮಾತನಾಡುವುದು ಅನುಚಿತವಾಗಲಾರದು. ಪ್ರಾಸ್ಟೇಟ್ ಎಂಬುದು ಪುರುಷರಿಗೆ ಮಾತ್ರ ಇರುವ, ಮೂತ್ರಕೋಶದ ಕೆಳಗಿನ ಒಂದು ಸಣ್ಣ ಗ್ರಂಥಿ. ಅದರ ಕ್ಯಾನ್ಸರಿನ ಮಾತು ಬಂದರೆ ನಮ್ಮ ಗಂಡಸರು ನಾಚಿ ಮೌನ ತಾಳುತ್ತಾರೆ. ಪಥ್ಯದ ಮಾತು ಬಂದರೆ ಮಾತ್ರ ಎಲ್ಲರೂ ವೈದ್ಯರೇ!

ಈ ರೋಗದ ಸಂಭವವನ್ನು ಹೆಚ್ಚಿಸುವವು ಮುಖ್ಯವಾಗಿ ವಯಸ್ಸು ಮತ್ತು ವಂಶ. ತಂದೆಗಾಗಲಿ ಒಡಹುಟ್ಟಿದವನಿಗಾಗಲಿ ಬಂದಿದ್ದರೆ ಹೆಚ್ಚಿನ ಎಚ್ಚರ ಬೇಕು. ಆಹಾರದ ಪಾತ್ರ ಜನ ನಂಬಿರುವಷ್ಟು ದೊಡ್ಡದಲ್ಲ. 2001ರಲ್ಲಿ ಅಮೆರಿಕ ಮೊದಲಾದೆಡೆ ಮೂವತ್ತೈದು ಸಾವಿರಕ್ಕೂ ಮಿಕ್ಕ ಪುರುಷರ ಮೇಲೆ ಸೆಲೆನಿಯಂ ಹಾಗೂ ವಿಟಮಿನ್ ಇ ಗುಳಿಗೆಗಳ ಪರೀಕ್ಷೆ ಆರಂಭವಾಯಿತು. ರೋಗ ತಪ್ಪೀತೆಂಬ ನಿರೀಕ್ಷೆಯಿತ್ತು. 2011ರ ವರದಿಯಲ್ಲಿ ಕಂಡದ್ದೇ ಬೇರೆ: ವಿಟಮಿನ್ ಇ ಒಂದನ್ನೇ ಸೇವಿಸಿದವರಲ್ಲಿ ರೋಗ ಶೇಕಡ 17ರಷ್ಟು ಹೆಚ್ಚಾಗಿತ್ತು. ಶಕ್ತಿಯ ಗುಳಿಗೆಯೆಂದು ಡಬ್ಬಿಗಟ್ಟಲೆ ಕೊಳ್ಳುವವರು ಇದನ್ನು ಗಮನಿಸಬೇಕು. ಆರಂಭದ ಹಂತದ ರೋಗಿಗಳಿಗೆ ತರಕಾರಿಯನ್ನು ಹೆಚ್ಚಾಗಿ ತಿನ್ನಿಸಿ ನೋಡಿದ ಇನ್ನೊಂದು ಅಧ್ಯಯನದಲ್ಲಿಯೂ, 2020ರ ವರದಿಯಂತೆ, ರೋಗದ ಗತಿ ತಗ್ಗಲಿಲ್ಲ.

ಹಾಗಾದರೆ ಊಟದ ಚಿಂತೆಯೇ ಬೇಡವೇ? ಬೇಕು. ಅತಿಯಾದ ಬೊಜ್ಜಿಗೂ ಉಲ್ಬಣಿಸಿದ ಪ್ರಾಸ್ಟೇಟ್ ಕ್ಯಾನ್ಸರಿಗೂ ಸಂಬಂಧವಿರುವುದಕ್ಕೆ ಬಲವಾದ ಆಧಾರವಿದೆ. ಮಾನ್ವಿ, ದೇವದುರ್ಗಗಳಿಗೆ ಕಾಲುವೆಯ ನೀರು ಬಂದು ಗದ್ದೆಗಳು ಹಸಿರಾದವು, ಅದು ದೇವರ ಕೃಪೆ. ಆದರೆ ಮೈಮುರಿದು ದುಡಿಯುವುದು ಕಡಿಮೆಯಾದ ಮನೆಗಳಲ್ಲಿ ಅನ್ನದ ರಾಶಿ ಹಾಗೆಯೇ ಉಳಿದಿದೆ. ಸಂಜೆಗೆ ಒಗ್ಗರಣೆ-ಮಿರ್ಚಿ ಬೇರೆ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆಗಳು ಔಷಧಗಳಲ್ಲ. ಮಿತವಾಗಿ ಉಂಡರೆ ಮೈಭಾರವೇರದ, ಹೃದಯಕ್ಕೂ ಹಿತವಾದ ಊಟ. ತಪಸ್ಸುಕಾಲದ ಮಿತಾಹಾರ ಪಾಸ್ಖ ಹಬ್ಬದ ಮರುದಿನವೇ ಮುಗಿಯಬೇಕೆಂದಿಲ್ಲ.

ನಮ್ಮನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಮೂತ್ರದ ಧಾರೆ ಕುಗ್ಗಿದಾಗ, ರಾತ್ರಿ ಪದೇ ಪದೇ ಏಳಬೇಕಾದಾಗ, ಮೂತ್ರದಲ್ಲಿ ರಕ್ತ ಕಂಡಾಗ ಕೂಡ ಪಥ್ಯದಲ್ಲಿಯೇ ತಿಂಗಳುಗಳನ್ನು ಕಳೆಯುವವರಿದ್ದಾರೆ. ಇವೆಲ್ಲ ಕ್ಯಾನ್ಸರೇ ಆಗಬೇಕಿಲ್ಲ. ವಯಸ್ಸಿನಲ್ಲಿ ಗ್ರಂಥಿ ಸಹಜವಾಗಿ ಊದುವುದೂ ಉಂಟು. ಯಾವುದೆಂದು ಹೇಳಬೇಕಾದವರು ವೈದ್ಯರು. ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ ತೋರಿಸಬಹುದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಅಗತ್ಯವೇ ಎಂಬುದನ್ನು ಅವರೊಡನೆ ಚರ್ಚಿಸಬೇಕು. ಕ್ಯಾನ್ಸರೆಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಚಿಕಿತ್ಸೆ ನಡೆದಿರುವ ಹಿರಿಯರಿಗೆ ಬರಿಯ ಗಂಜಿ ಕೊಟ್ಟು ಸೊರಗಿಸಬಾರದು. ಪುರುಷ ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದಿನಿಂದ ಎಲುಬು, ಮಾಂಸಖಂಡಗಳು ಸವೆಯುತ್ತವೆ. ಆದುದರಿಂದ ಬೇಳೆ, ಮೊಟ್ಟೆ, ಮೀನು, ಮಿತವಾಗಿ ಹಾಲು-ಮೊಸರು ಅವರ ತಟ್ಟೆಯಲ್ಲಿರಲಿ. ಶಕ್ತಿಯಿದ್ದಷ್ಟು ನಡೆಯಲಿ, ಭಾನುವಾರ ಬಲಿಪೂಜೆಗೆ ಕಾಲ್ನಡಿಗೆಯಲ್ಲೇ ಬರಲಿ.